ಡೆಸರ್ಟ್ ಯೋಗರ್ಟ್: ಅದರಲ್ಲಿ ಮೊಸರೆಷ್ಟು, ಸಿಹಿಯೆಷ್ಟು?

ಸಂಜೆ ನಾಲ್ಕೂವರೆ. ಮಧ್ಯಾಹ್ನದ ಊಟ ಕರಗಿಹೋಗಿತ್ತು, ರಾತ್ರಿಯ ಊಟಕ್ಕೆ ಇನ್ನೂ ಬಹಳ ಹೊತ್ತಿತ್ತು. ಫ್ರಿಜ್‌ನಲ್ಲಿ ಪುಟ್ಟದೊಂದು ಕಪ್ ಇತ್ತು. ಮುಚ್ಚಳದ ಮೇಲೆ ನಿಂಬೆಹಣ್ಣಿನ ಚಿತ್ರ, ಪಕ್ಕದಲ್ಲಿ ಕೇಕಿನ ತುಂಡು, ಕೆಳಗೆ 'ಯೋಗರ್ಟ್' ಅನ್ನುವ ಪದ. ಒಂದು ಚಮಚ ಬಾಯಿಗಿಟ್ಟೆ. ನುಣ್ಣಗೆ, ತಣ್ಣಗೆ, ಸಿಹಿಯಾಗಿತ್ತು. ಕೊನೆಯಲ್ಲಿ ಒಂಚೂರು ಹುಳಿ. ತುಂಬಾ ಚೆನ್ನಾಗಿತ್ತು. ಕಪ್ ಖಾಲಿಯಾದ ಮೇಲೆ ಪ್ರಶ್ನೆ ಬಂತು: ನಾನೀಗ ತಿಂದಿದ್ದು ಮೊಸರನ್ನೋ, ಸಿಹಿತಿನಿಸನ್ನೋ?

ಈ ಪ್ರಶ್ನೆ ಈಗ ತುಂಬಾ ಜನರಿಗೆ ಬರುತ್ತದೆ. ಚಾಕೊಲೇಟ್, ಕ್ಯಾರಮೆಲ್, ಚೀಸ್‌ಕೇಕ್ ಹೀಗೆ ಪ್ರತಿಯೊಂದು ಸಿಹಿತಿನಿಸಿನ ಹೆಸರಲ್ಲೂ ಯೋಗರ್ಟ್ ಸಿಗುತ್ತಿದೆ. ಡೆಸರ್ಟ್ ಯೋಗರ್ಟ್ ಅಂದರೆ ಇವೇ. ಬಿಸ್ಕತ್ತು, ಚಿಪ್ಸ್ ಬದಲು ಇದನ್ನು ತಿಂದರೆ ಒಳ್ಳೆಯದೇ ಅಲ್ವಾ ಅಂತ ಅನಿಸುವುದು ಸಹಜ. ಉತ್ತರ ಕಪ್ಪಿನ ಹಿಂಬದಿಯಲ್ಲೇ ಇದೆ. ಅದನ್ನು ಓದಲು ಒಂದೆರಡು ವಿಷಯ ಗೊತ್ತಿದ್ದರೆ ಸಾಕು.

ಮೊದಲು, ಯೋಗರ್ಟ್ ಅಂದರೆ ಏನು?

ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇರುತ್ತದೆ. ನೂರು ಗ್ರಾಂ ಹಾಲಿನಲ್ಲಿ ಹೆಚ್ಚುಕಡಿಮೆ 5 ಗ್ರಾಂ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಅದರಲ್ಲಿ ಒಂದು ಪಾಲನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಬರುವುದು ಅದರಿಂದಲೇ. ಹುಳಿ ಏರುತ್ತಾ ಹೋದಂತೆ ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸೀನ್ ಒಂದಕ್ಕೊಂದು ಅಂಟಿಕೊಂಡು ಬಲೆಯ ಹಾಗೆ ಹರಡಿಕೊಳ್ಳುತ್ತದೆ. ಆ ಬಲೆಯೊಳಗೆ ನೀರು, ಕೊಬ್ಬು ಎಲ್ಲ ಸಿಕ್ಕಿಕೊಳ್ಳುತ್ತವೆ. ಹಾಲು ಗಟ್ಟಿಯಾಗುವುದು ಹೀಗೆ.

ಕಾರ್ಖಾನೆಯಲ್ಲೂ ಇದೇ ಕೆಲಸ, ಲೆಕ್ಕ ಮಾತ್ರ ಬಿಗಿ. ಹಾಲನ್ನು ಸುಮಾರು 85ರಿಂದ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಬೇಡದ ಸೂಕ್ಷ್ಮಜೀವಿಗಳು ಸಾಯುವುದು ಒಂದು ಲಾಭ. ಇನ್ನೊಂದು ಲಾಭವೂ ಇದೆ. ಆ ಬಿಸಿಗೆ ಹಾಲಿನ ತಿಳಿನೀರಿನ ಪ್ರೋಟೀನ್‌ಗಳು ಬಿಚ್ಚಿಕೊಂಡು ಕೇಸೀನ್‌ಗೆ ಅಂಟುತ್ತವೆ, ಬಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಆಮೇಲೆ ಸುಮಾರು 42 ಡಿಗ್ರಿಗೆ ಆರಿಸಿ ಹೆಪ್ಪು ಹಾಕುತ್ತಾರೆ.

ಹಾಗಾದರೆ ಮೊಸರು ಬೇರೆ, ಯೋಗರ್ಟ್ ಬೇರೆಯಾ? ಎರಡೂ ಹಾಲು ಹುಳಿಯಾಗಿ ಆದವೇ. ಯೋಗರ್ಟ್‌ಗೆ ಎರಡು ಬ್ಯಾಕ್ಟೀರಿಯಾ ಕಡ್ಡಾಯ: ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್ ಮತ್ತು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್. ಮನೆಯ ಹೆಪ್ಪಿನಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇವೆ ಎಂದು ಯಾರೂ ಎಣಿಸಿ ಹಾಕುವುದಿಲ್ಲ. ಮುಖ್ಯ ವ್ಯತ್ಯಾಸ ಇಷ್ಟೇ. ಹಾಗಾಗಿ ಸಿಹಿ ಹಾಕದ ಯೋಗರ್ಟ್ ಅಂದಾಗ ನೀವು ಸಾದಾ ಮೊಸರನ್ನು ನೆನೆಸಿಕೊಂಡರೆ ತಪ್ಪಿಲ್ಲ.

ಒಳ್ಳೆಯ ಹೆಸರು ಬಂದದ್ದು ಯಾವುದಕ್ಕೆ?

ಯೋಗರ್ಟ್ ಅಂದ ಕೂಡಲೇ ಆರೋಗ್ಯ ನೆನಪಾಗುತ್ತದೆ. ಅದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ಜಿನೀವಾದಲ್ಲಿ ಓದುತ್ತಿದ್ದಾಗ, 1905ರಲ್ಲಿ, ಯೋಗರ್ಟ್‌ನ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಬಲ್ಗಾರಿಕಸ್ ಅನ್ನುವ ಹೆಸರು ಬಂದದ್ದು ಆ ದೇಶದಿಂದಲೇ. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕೋವ್, ಹುಳಿ ಹಾಲಿನ ಬ್ಯಾಕ್ಟೀರಿಯಾ ಕರುಳಿಗೆ ಒಳ್ಳೆಯದು, ಆಯುಷ್ಯ ಹೆಚ್ಚಿಸಬಹುದು ಎಂದು ವಾದಿಸಿದರು. ಅವರ ಮಾತಿಗೆ ತೂಕ ಇತ್ತು. 1908ರಲ್ಲಿ ಅವರಿಗೆ ನೊಬೆಲ್ ಬಂತು, ಅದು ರೋಗನಿರೋಧಕ ಶಕ್ತಿಯ ಬಗೆಗಿನ ಕೆಲಸಕ್ಕೆ. 1919ರಲ್ಲಿ ಐಸಾಕ್ ಕರಾಸೊ ಬಾರ್ಸಿಲೋನಾದಲ್ಲಿ ಡಾನೋನ್ ಎಂಬ ಯೋಗರ್ಟ್ ಕಂಪನಿ ಶುರು ಮಾಡಿದಾಗ ಯೋಗರ್ಟ್ ಔಷಧಿ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು.

ಇವರೆಲ್ಲ ಮಾತಾಡುತ್ತಿದ್ದದ್ದು ಹುಳಿಯಾದ, ಸಾದಾ ಯೋಗರ್ಟ್ ಬಗ್ಗೆ. ಹಣ್ಣಿನ ಜಾಮ್ ಸೇರಿಸಿದ ಯೋಗರ್ಟ್‌ಗೆ ಪೇಟೆಂಟ್ ಆದದ್ದು 1933ರಲ್ಲಿ, ಪ್ರಾಗ್ ನಗರದ ಒಂದು ಡೈರಿಯಲ್ಲಿ. ಆಮೇಲೆ ಸಿಹಿ ಹೆಚ್ಚುತ್ತಾ ಬಂತು, ಹೆಸರು ಹಾಗೇ ಉಳಿಯಿತು. ಸಾದಾ ಯೋಗರ್ಟ್ ದುಡಿದು ತಂದ ಒಳ್ಳೆಯ ಹೆಸರನ್ನು ಇವತ್ತು ಕೇಕ್ ರುಚಿಯ ಕಪ್ಪೂ ಹಂಚಿಕೊಳ್ಳುತ್ತಿದೆ. ಗೊಂದಲ ಹುಟ್ಟುವುದು ಇಲ್ಲಿಯೇ ಅಂತ ನನಗನಿಸುತ್ತದೆ.

ಡೆಸರ್ಟ್ ಯೋಗರ್ಟ್ ಹೇಗೆ ತಯಾರಾಗುತ್ತದೆ?

ದೊಡ್ಡ ತೊಟ್ಟಿಯಲ್ಲಿ ಹೆಪ್ಪುಗಟ್ಟಿದ ಯೋಗರ್ಟನ್ನು ಕಲಕಿ, ತಣ್ಣಗೆ ಮಾಡಿ, ಅದಕ್ಕೆ ಸಿಹಿಪಾಕ ಸೇರಿಸುತ್ತಾರೆ. ಹಣ್ಣಿನದ್ದಾದರೆ ಹಣ್ಣನ್ನು ಸಕ್ಕರೆ ಮತ್ತು ಪೆಕ್ಟಿನ್ (ಹಣ್ಣಿನಿಂದ ತೆಗೆಯುವ, ಗಟ್ಟಿ ಮಾಡುವ ವಸ್ತು) ಜೊತೆ ಬೇಯಿಸಿದ ಜಾಮ್‌ನಂಥ ಮಿಶ್ರಣ. ಕೇಕ್ ರುಚಿಯದ್ದಾದರೆ ಸಕ್ಕರೆ, ಕೆನೆ, ಪರಿಮಳ, ಕೆಲವೊಮ್ಮೆ ಬಿಸ್ಕತ್ತಿನ ಚೂರು.

ಸಿಹಿಯನ್ನೆಲ್ಲ ಮೊದಲೇ ಹಾಲಿಗೆ ಸುರಿಯುವುದಿಲ್ಲ ಯಾಕೆ? ಸಕ್ಕರೆ ತುಂಬಾ ಇದ್ದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟು ನೀರು ಸಿಗದೆ ಅವು ನಿಧಾನವಾಗುತ್ತವೆ. ಜಾಮ್ ಬೇಗ ಕೆಡದಿರುವುದಕ್ಕೂ ಇದೇ ಕಾರಣ. ಸ್ವಲ್ಪ ಸಕ್ಕರೆ ಮೊದಲು ಹಾಕಿದರೆ ನಡೆಯುತ್ತದೆ, ಜಾಸ್ತಿ ಹಾಕಿದರೆ ಮೊಸರೇ ಸರಿಯಾಗಿ ಆಗುವುದಿಲ್ಲ.

ಆಮೇಲೆ ಗಟ್ಟಿ ಮಾಡುವ ಕೆಲಸ. ಇದಕ್ಕೆ ಎರಡು ದಾರಿ. ಒಂದು, ತಿಳಿನೀರನ್ನು ಬಸಿದು ತೆಗೆಯುವುದು. ಗ್ರೀಕ್ ಯೋಗರ್ಟ್ ಅನ್ನುವುದು ಮೂಲದಲ್ಲಿ ಇದೇ. ನೀರು ಹೋದಷ್ಟೂ ಪ್ರೋಟೀನ್ ಒತ್ತಾಗುತ್ತದೆ. ಎರಡನೆಯದು, ಜೆಲಟಿನ್, ಪೆಕ್ಟಿನ್, ಪಿಷ್ಟ ಅಥವಾ ಗೋರಿಕಾಯಿ ಬೀಜದಿಂದ ಬರುವ ಗೌರ್ ಗಮ್ ಸೇರಿಸುವುದು. ಇವು ಆಹಾರದಲ್ಲಿ ಬಳಸಲು ಒಪ್ಪಿಗೆ ಇರುವ ವಸ್ತುಗಳೇ, ಗಾಬರಿ ಬೇಡ. ಆದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಇದೆ ಅಂದಮಾತ್ರಕ್ಕೆ ಪ್ರೋಟೀನ್ ಜಾಸ್ತಿ ಇದೆ ಎಂದಲ್ಲ. ಪಿಷ್ಟದಿಂದ ಬಂದ ಗಟ್ಟಿ, ಪ್ರೋಟೀನಿನಿಂದ ಬಂದ ಗಟ್ಟಿ, ಎರಡೂ ಬಾಯಿಗೆ ಹೆಚ್ಚುಕಡಿಮೆ ಒಂದೇ ಥರ. ಸಸ್ಯಾಹಾರಿಗಳು ಇನ್ನೊಂದು ವಿಷಯ ಗಮನಿಸಬೇಕು. ಜೆಲಟಿನ್ ಮಾಡುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ.

ಮೂಸ್ ಥರ ಹಗುರವಾಗಿರುವ ಕಪ್‌ಗಳೂ ಸಿಗುತ್ತವೆ. ಅವುಗಳೊಳಗೆ ಗಾಳಿ ಅಥವಾ ನೈಟ್ರೋಜನ್ ಸೇರಿಸಿ ಕಡೆದಿರುತ್ತಾರೆ. ಕಪ್ ದೊಡ್ಡದು, ತೂಕ ಕಡಿಮೆ. ಹಾಗಾಗಿ ಎರಡು ಕಪ್ ಹೋಲಿಸುವಾಗ ಗಾತ್ರ ನೋಡಬೇಡಿ, ಗ್ರಾಂ ನೋಡಿ.

ಇಷ್ಟೆಲ್ಲ ಸೇರಿಸಿದ ಮೇಲೂ ಅದನ್ನು ಯೋಗರ್ಟ್ ಅಂತ ಕರೆಯಬಹುದೇ? ಕರೆಯಬಹುದು. ಆಹಾರಕ್ಕೆ ಜಾಗತಿಕ ಮಾನದಂಡ ಮಾಡುವ ಕೋಡೆಕ್ಸ್ ಎಂಬ ವ್ಯವಸ್ಥೆ ಇದೆ. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಅದನ್ನು ನಡೆಸುತ್ತವೆ. ಅದರ ಪ್ರಕಾರ, ರುಚಿ ಸೇರಿಸಿದ ಹುಳಿ ಹಾಲಿನ ತಿನಿಸುಗಳಲ್ಲಿ ತೂಕದ ಅರ್ಧದವರೆಗೂ, ಅಂದರೆ ಶೇಕಡ 50ರವರೆಗೆ, ಹಾಲಿಗೆ ಸಂಬಂಧಿಸದ ವಸ್ತುಗಳು ಇರಬಹುದು. ಎಲ್ಲ ಕಪ್ಪಿನಲ್ಲೂ ಅಷ್ಟು ಇರುತ್ತದೆ ಎಂದಲ್ಲ. ಆದರೆ ಮುಚ್ಚಳದ ಮೇಲಿನ ಆ ಒಂದು ಪದದಿಂದ ಒಳಗೆ ಮೊಸರೆಷ್ಟು ಎಂದು ಗೊತ್ತಾಗುವುದಿಲ್ಲ.

ಅಷ್ಟು ಸಕ್ಕರೆ ಯಾಕೆ ಬೇಕಾಗುತ್ತದೆ?

ಇದು ನನಗೆ ತುಂಬಾ ಕುತೂಹಲ ಹುಟ್ಟಿಸಿದ ಭಾಗ. ತಿನ್ನುವಾಗ ಅಷ್ಟೊಂದು ಸಿಹಿ ಅನಿಸುವುದಿಲ್ಲ, ಲೇಬಲ್ ನೋಡಿದರೆ ಬೆಚ್ಚಿಬೀಳುತ್ತೇವೆ. ನಾಲಿಗೆ ಯಾಕೆ ಮೋಸ ಹೋಗುತ್ತದೆ?

ಮೊದಲ ಕಾರಣ ಹುಳಿ. ಹುಳಿ ಮತ್ತು ಸಿಹಿ ಒಂದನ್ನೊಂದು ಅದುಮುತ್ತವೆ. ನಿಂಬೆ ಪಾನಕ ನೆನಪಿಸಿಕೊಳ್ಳಿ. ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕುಡಿದರೆ ಮುಖ ಕಿವುಚುತ್ತೀರಿ. ಅದಕ್ಕೇ ನಿಂಬೆರಸ ಹಿಂಡಿದರೆ ಸರಿಹೋಯಿತು ಅನಿಸುತ್ತದೆ. ಸಕ್ಕರೆ ಎಲ್ಲೂ ಹೋಗಿಲ್ಲ, ಲೋಟದಲ್ಲೇ ಇದೆ. ಯೋಗರ್ಟ್ ಸ್ವಭಾವತಃ ಹುಳಿ. ಅದು ಕೇಕಿನಂತೆ ಅನಿಸಬೇಕಾದರೆ ಆ ಹುಳಿಯನ್ನು ಅದುಮುವಷ್ಟು ಸಕ್ಕರೆ ಮೊದಲು ಬೇಕು, ಅದರ ಮೇಲೆ ಸಿಹಿ ಅನಿಸುವಷ್ಟು ಮತ್ತೆ ಬೇಕು.

ಎರಡನೆಯದು ತಂಪು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕರಗಿಹೋದ ಐಸ್‌ಕ್ರೀಂ ವಿಪರೀತ ಸಿಹಿ ಅನಿಸುವುದು ಅದಕ್ಕೇ. ಬೇಕಾದರೆ ಒಂದು ಚಮಚ ಡೆಸರ್ಟ್ ಯೋಗರ್ಟನ್ನು ತಟ್ಟೆಯಲ್ಲಿಟ್ಟು, ತಂಪು ಬಿಡುವವರೆಗೆ ಕಾದು, ನಂತರ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದರ ಜೊತೆ ರುಚಿ ನೋಡಿ. ಎರಡೂ ಒಂದೇ ಕಪ್ಪಿನದ್ದು ಅಂತ ನಂಬುವುದು ಕಷ್ಟ.

ಕೊಬ್ಬು ತೆಗೆದ ಯೋಗರ್ಟ್‌ನದ್ದು ಬೇರೆಯೇ ಕಥೆ. ಕೊಬ್ಬು ಹುಳಿಯನ್ನು ಮೆದುವಾಗಿಸುತ್ತದೆ, ಬಾಯಿ ತುಂಬಿದ ಹಾಗೆ ಅನಿಸುವಂತೆ ಮಾಡುತ್ತದೆ. ಅದನ್ನು ತೆಗೆದರೆ ತೆಳ್ಳಗೆ, ಹುಳಿಹುಳಿ. ಆ ಖಾಲಿ ತುಂಬಲು ಎಷ್ಟೋ ಸಲ ಸಕ್ಕರೆಯನ್ನೋ ಪಿಷ್ಟವನ್ನೋ ಹಾಕುತ್ತಾರೆ. ಹಾಗಾಗಿ 'ಕೊಬ್ಬು ಕಡಿಮೆ' ಅಂತ ಬರೆದಿದ್ದರೆ ಕೊಬ್ಬು ಕಡಿಮೆ ಅಂತ ಅಷ್ಟೇ ಅರ್ಥ.

ಒಂದು ಕಳೆಯುವ ಲೆಕ್ಕ

ಲೇಬಲ್‌ನಲ್ಲಿ 'ಒಟ್ಟು ಸಕ್ಕರೆ' ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ಹಾಲಿನದೇ ಆದ ಲ್ಯಾಕ್ಟೋಸ್ ಕೂಡ ಸೇರಿದೆ. ನಮಗೆ ಬೇಕಾದದ್ದು ಹೊರಗಿನಿಂದ ಹಾಕಿದ ಸಕ್ಕರೆ. ಕೆಲವು ಲೇಬಲ್‌ಗಳಲ್ಲಿ ಅದನ್ನೂ ಬೇರೆ ಬರೆದಿರುತ್ತಾರೆ. ಇಲ್ಲದಿದ್ದರೆ ನಾವೇ ಕಳೆಯಬೇಕು.

ಸಾದಾ ಯೋಗರ್ಟ್‌ನಲ್ಲಿ 100 ಗ್ರಾಂಗೆ 4ರಿಂದ 5 ಗ್ರಾಂ ಸಕ್ಕರೆ ಇರುತ್ತದೆ, ಅದೆಲ್ಲ ಹಾಲಿನದೇ. ಆದ್ದರಿಂದ 100 ಗ್ರಾಂ ಲೆಕ್ಕದ ಸಕ್ಕರೆಯಲ್ಲಿ 5 ಕಳೆಯಿರಿ. ಉಳಿದದ್ದು ಸೇರಿಸಿದ್ದು.

ನಾನು ಅವತ್ತು ತಿಂದ ಕಪ್ 150 ಗ್ರಾಂನದು. 100 ಗ್ರಾಂಗೆ ಸಕ್ಕರೆ 15 ಗ್ರಾಂ ಅಂತ ಬರೆದಿತ್ತು. 15ರಲ್ಲಿ 5 ಹೋದರೆ 10. ಕಪ್ 150 ಗ್ರಾಂ ಇರುವುದರಿಂದ ಹಾಕಿದ ಸಕ್ಕರೆ 15 ಗ್ರಾಂ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಅಂದರೆ ನಾಲ್ಕು ಚಮಚಕ್ಕೆ ಚೂರು ಕಡಿಮೆ.

ಈ ಲೆಕ್ಕ ಅಂದಾಜಿನದು ಅನ್ನುವುದು ನೆನಪಿರಲಿ. ಹಾಲಿನ ಪುಡಿ ಸೇರಿಸಿದ್ದರೆ ಲ್ಯಾಕ್ಟೋಸ್ ಸ್ವಲ್ಪ ಜಾಸ್ತಿ ಇರುತ್ತದೆ. ಬಸಿದ ಯೋಗರ್ಟ್‌ನಲ್ಲಿ ಸ್ವಲ್ಪ ಕಡಿಮೆ. ಹಣ್ಣಿನ ತುಂಡುಗಳಿದ್ದರೆ ಹಣ್ಣಿನ ಸ್ವಂತ ಸಕ್ಕರೆಯೂ ಸೇರಿರುತ್ತದೆ. ಇನ್ನು ಕಪ್ಪಿನಲ್ಲಿ ಮೊಸರಿನ ಪಾಲೇ ಕಡಿಮೆ ಇದ್ದರೆ ಹಾಲಿನ ಸಕ್ಕರೆಯೂ ಕಡಿಮೆ. ಆಗ ಹಾಕಿದ್ದು ನಮ್ಮ ಲೆಕ್ಕಕ್ಕಿಂತ ಜಾಸ್ತಿಯೇ ಆಗುತ್ತದೆ. ಆದರೂ ಒಂದೆರಡು ಗ್ರಾಂ ಆಚೀಚೆ ಆದರೆ ನಷ್ಟವಿಲ್ಲ.

15 ಗ್ರಾಂ ಜಾಸ್ತಿಯೋ ಕಡಿಮೆಯೋ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಹೀಗಿದೆ: ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಸಿರಪ್, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇಕಡ 10ರೊಳಗೆ ಇರಬೇಕು. ಶೇಕಡ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ. ಅಂದರೆ ನನ್ನ ಆ ಕಪ್ 25 ಗ್ರಾಂ ಮಿತಿಯ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಸಲ ಬಳಸಿಕೊಂಡಿತು. ಆಗಿನ್ನೂ ಸಂಜೆ ನಾಲ್ಕೂವರೆ. ಚಹಾ ಕುಡಿದಿರಲಿಲ್ಲ.

ನನ್ನ ಕಪ್ ಅಪರೂಪದ್ದೇನಲ್ಲ. ಬ್ರಿಟನ್ನಿನ ಸಂಶೋಧಕರು ಅಲ್ಲಿನ ಸೂಪರ್ ಮಾರ್ಕೆಟ್‌ಗಳ ಸುಮಾರು 900 ಬಗೆಯ ಯೋಗರ್ಟ್‌ಗಳ ಲೇಬಲ್ ನೋಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, ಸಾದಾ ಮತ್ತು ಗ್ರೀಕ್ ಯೋಗರ್ಟ್‌ಗಳಲ್ಲಿ 100 ಗ್ರಾಂಗೆ 5 ಗ್ರಾಂ ಸಕ್ಕರೆ. ಡೆಸರ್ಟ್ ಗುಂಪಿನಲ್ಲಿ 16.4 ಗ್ರಾಂ. ಸಾವಯವ ಯೋಗರ್ಟ್‌ಗಳಲ್ಲಿ 13.1 ಗ್ರಾಂ. ಮಕ್ಕಳಿಗಾಗಿ ಮಾಡಿದವುಗಳಲ್ಲೂ 10.8 ಗ್ರಾಂ ಇತ್ತು. ಸಾವಯವ ಅಂದರೆ ಸಕ್ಕರೆ ಕಡಿಮೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಆ ಸಂಖ್ಯೆ ನೋಡಿದ ಮೇಲೆ ಅಭಿಪ್ರಾಯ ಬದಲಾಯಿಸಿಕೊಂಡೆ.

ಹಸಿವು ತಡೆಯುತ್ತದೆಯೇ?

ಹೊತ್ತಲ್ಲದ ಹೊತ್ತಿನ ತಿಂಡಿಯಿಂದ ನಾವು ಬಯಸುವುದು ಮುಂದಿನ ಊಟದವರೆಗೆ ಹೊಟ್ಟೆ ಸುಮ್ಮನಿರುವುದನ್ನು. ಅದಕ್ಕೆ ಪ್ರೋಟೀನ್ ಸಹಾಯ ಮಾಡುತ್ತದೆ. ನನ್ನ ಕಪ್ಪಿನಲ್ಲಿ 100 ಗ್ರಾಂಗೆ 3 ಗ್ರಾಂ ಪ್ರೋಟೀನ್ ಇತ್ತು, ಇಡೀ ಕಪ್ಪಿಗೆ ನಾಲ್ಕೂವರೆ ಗ್ರಾಂ. ಸರಿಯಾಗಿ ಬಸಿದ ಸಾದಾ ಯೋಗರ್ಟ್‌ನಲ್ಲಿ 100 ಗ್ರಾಂಗೆ 8ರಿಂದ 10 ಗ್ರಾಂ ಇರುತ್ತದೆ. ಅಷ್ಟೇ ದೊಡ್ಡ ಕಪ್ಪಿನಲ್ಲಿ ಮೂರು ಪಟ್ಟು. ಹಾಗಾಗಿ ಸಕ್ಕರೆಯ ಸಾಲಿನ ಜೊತೆಗೆ ಪ್ರೋಟೀನ್ ಸಾಲನ್ನೂ ಓದಿ. ಸಕ್ಕರೆಗಿಂತ ಪ್ರೋಟೀನ್ ತುಂಬಾ ಕಡಿಮೆ ಇದ್ದರೆ ಅದು ನಾಲಿಗೆಗೆ ಹಬ್ಬ, ಹೊಟ್ಟೆಗೆ ಅಷ್ಟಕ್ಕಷ್ಟೆ.

ಹಾಗಂತ ಅದನ್ನು ತಳ್ಳಿಹಾಕುವುದೂ ಸರಿಯಲ್ಲ. ಅದರಲ್ಲಿ ಹಾಲಿನ ಪ್ರೋಟೀನ್, ಕ್ಯಾಲ್ಸಿಯಂ ಇದ್ದೇ ಇರುತ್ತವೆ. ಊಟದ ನಂತರ ಕೇಕ್ ತುಂಡು ತಿನ್ನುವ ಬದಲು ಈ ಕಪ್ ತಿಂದರೆ ಎಷ್ಟೋ ಸಲ ಸಕ್ಕರೆ, ಕೊಬ್ಬು ಎರಡೂ ಕಡಿಮೆಯಾಗುತ್ತವೆ. ಸಾದಾ ಮೊಸರಿನ ಬದಲು ತಿಂದರೆ ಸಕ್ಕರೆ ಜಾಸ್ತಿಯಾಗುತ್ತದೆ. ಯಾವುದರ ಬದಲಿಗೆ ತಿನ್ನುತ್ತಿದ್ದೇವೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಜೀವಂತ ಬ್ಯಾಕ್ಟೀರಿಯಾ ಇರುತ್ತವೆಯೇ?

ಇರಬಹುದು, ಇಲ್ಲದೆಯೂ ಇರಬಹುದು. ಕೋಡೆಕ್ಸ್ ಪ್ರಕಾರ ಯೋಗರ್ಟ್‌ನಲ್ಲಿ ಗ್ರಾಂಗೆ ಕನಿಷ್ಠ 1 ಕೋಟಿ ಹೆಪ್ಪಿನ ಜೀವಾಣುಗಳಿರಬೇಕು. ಆದರೆ ಹೆಪ್ಪಾದ ಮೇಲೆ ಮತ್ತೆ ಬಿಸಿ ಮಾಡಿದ ತಿನಿಸುಗಳಿಗೆ ಆ ನಿಯಮ ಇಲ್ಲ. ಬಹಳ ದಿನ ಬಾಳಲಿ ಅಂತ ಹೀಗೆ ಬಿಸಿ ಮಾಡುತ್ತಾರೆ, ಆಗ ಬ್ಯಾಕ್ಟೀರಿಯಾ ಸಾಯುತ್ತವೆ. ಲೇಬಲ್‌ನಲ್ಲಿ 'ಲೈವ್ ಕಲ್ಚರ್' ಅಂತಿದೆಯೋ 'ಹೀಟ್ ಟ್ರೀಟೆಡ್' ಅಂತಿದೆಯೋ ನೋಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಇದು ಮುಖ್ಯ. ಜೀವಂತ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ಒಡೆಯುವ ಕಿಣ್ವವನ್ನು ಜೊತೆಗೇ ತರುತ್ತವೆ, ಅದು ಹೊಟ್ಟೆಯೊಳಗೂ ಕೆಲಸ ಮಾಡುತ್ತದೆ.

ಲೇಬಲ್‌ನಲ್ಲಿ ಕಾಣುವ ಬೇರೆ ಹೆಸರುಗಳು

ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಸಕ್ಕರೆ ಎರಡನೆಯದೋ ಮೂರನೆಯದೋ ಆಗಿದ್ದರೆ ಅದು ಸಣ್ಣ ಪಾಲಲ್ಲ. ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್, ಇನ್ವರ್ಟ್ ಸಿರಪ್, ಜೇನು, ಹಣ್ಣಿನ ರಸದ ಕಾನ್ಸಂಟ್ರೇಟ್ ಇವೆಲ್ಲ ಸಕ್ಕರೆಯ ಮನೆಯವರೇ. ಒಂದೇ ಕಪ್ಪಿನಲ್ಲಿ ಮೂರು ಬಗೆ ಇದ್ದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಒಟ್ಟು ಸೇರಿಸಿದರೆ ಮೇಲೆ ಬರುತ್ತದೆ.

'ಸಕ್ಕರೆ ಹಾಕಿಲ್ಲ' ಎಂದಿದ್ದೂ ಸಿಹಿಯಾಗಿದ್ದರೆ ಸುಕ್ರಲೋಸ್, ಸ್ಟೀವಿಯಾದಂಥ ಸಿಹಿಕಾರಕ ಇರಬಹುದು. ಇವುಗಳಿಂದ ಕ್ಯಾಲೊರಿ ಕಡಿಮೆಯಾಗುತ್ತದೆ. ಆದರೂ ತೂಕ ಇಳಿಸುವುದಕ್ಕೆ ಇವನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಲ್ಯಾಕ್ಟೋಸ್ ಇಲ್ಲದ ಯೋಗರ್ಟ್ ಏನೂ ಹಾಕದೆಯೇ ಸಿಹಿ ಅನಿಸುತ್ತದೆ. ಲ್ಯಾಕ್ಟೋಸನ್ನು ಮೊದಲೇ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆದಿರುತ್ತಾರೆ. ಅವು ಲ್ಯಾಕ್ಟೋಸ್‌ಗಿಂತ ಸಿಹಿ, ಪ್ರಮಾಣ ಮಾತ್ರ ಅಷ್ಟೇ.

ಮಕ್ಕಳ ವಿಷಯದಲ್ಲಿ ಎರಡು ಮಾತು. ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಹಾಕಿದ ತಿನಿಸು ಬೇಡ, ಸಾದಾ ಯೋಗರ್ಟ್ ಕೊಡಿ. ಒಂದು ವರ್ಷ ತುಂಬುವ ಮೊದಲು ಜೇನು ಸೇರಿದ್ದನ್ನು ಕೊಡಲೇಬಾರದು. ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಅಪಾಯ ಇದೆ.

ತಿನ್ನಬೇಕು ಅನಿಸಿದಾಗ

ನಾನೀಗ ಮಾಡುವುದು ಸರಳ. ಅರ್ಧ ಕಪ್ ಡೆಸರ್ಟ್ ಯೋಗರ್ಟ್, ಅಷ್ಟೇ ಸಾದಾ ಯೋಗರ್ಟ್, ಎರಡನ್ನೂ ಬಟ್ಟಲಲ್ಲಿ ಕಲಸುತ್ತೇನೆ. ಒಂದರಲ್ಲಿ 100 ಗ್ರಾಂಗೆ 15 ಗ್ರಾಂ ಸಕ್ಕರೆ, ಇನ್ನೊಂದರಲ್ಲಿ 5. ಕಲಸಿದರೆ 10, ಅದರಲ್ಲಿ ಹಾಕಿದ್ದು 5 ಮಾತ್ರ. ಸಾದಾ ಯೋಗರ್ಟ್ ಬಸಿದದ್ದಾಗಿದ್ದರೆ ಪ್ರೋಟೀನ್ ಕೂಡ ಏರುತ್ತದೆ. ನಿಂಬೆಯ ಪರಿಮಳ ಹಾಗೇ ಇರುತ್ತದೆ, ಹುಳಿ ಒಂಚೂರು ಮುಂದೆ ಬರುತ್ತದೆ. ನಿಂಬೆ ರುಚಿಗೆ ಅದೇ ಚೆನ್ನ. ಚಾಕೊಲೇಟ್‌ಗೆ ಅಷ್ಟು ಹೊಂದುವುದಿಲ್ಲ, ಅಲ್ಲಿ ಹುಳಿ ಬೇರೆಯಾಗಿ ಎದ್ದು ನಿಲ್ಲುತ್ತದೆ. ಅದಕ್ಕೆ ಚೆನ್ನಾಗಿ ಮಾಗಿದ ಬಾಳೆಹಣ್ಣು ಹೆಚ್ಚಿ ಹಾಕಿದರೆ ಸರಿಹೋಗುತ್ತದೆ.

ಉಳಿದರ್ಧ ಕಪ್ಪನ್ನು ಮುಚ್ಚಿ ಕೂಡಲೇ ಫ್ರಿಜ್‌ಗೆ ಇಡಿ, 5 ಡಿಗ್ರಿಯೊಳಗೆ. ಮರುದಿನ ಮೇಲೆ ತಿಳಿನೀರು ನಿಂತಿದ್ದರೆ ಕೆಟ್ಟಿದೆ ಅಂತಲ್ಲ. ಕಲಕಿದಾಗ ಬಲೆ ಸಡಿಲವಾಗಿ ಒಳಗಿನ ನೀರು ಹೊರಬಂದಿರುತ್ತದೆ, ಅದರಲ್ಲೂ ಪ್ರೋಟೀನ್ ಇದೆ, ಮತ್ತೆ ಕಲಸಿಕೊಳ್ಳಿ. ಬೂಷ್ಟು ಕಂಡರೆ ಮಾತ್ರ ಮೇಲಿನದು ತೆಗೆದು ಕೆಳಗಿನದು ತಿನ್ನಬೇಡಿ, ಪೂರ್ತಿ ಎಸೆಯಿರಿ. ತೆರೆಯುವ ಮೊದಲೇ ಮುಚ್ಚಳ ಉಬ್ಬಿದ್ದರೂ ಅಷ್ಟೇ. ಒಳಗೆ ಯೀಸ್ಟೋ ಬೇರೆ ಸೂಕ್ಷ್ಮಜೀವಿಯೋ ಬೆಳೆದು ಗಾಳಿ ತುಂಬಿರುತ್ತದೆ. ಸಿಹಿ ಕಪ್ಪಿನಲ್ಲಿ ಅವಕ್ಕೆ ತಿನ್ನಲು ಸಕ್ಕರೆಯೂ ಬೇಕಾದಷ್ಟು ಸಿಗುತ್ತದೆ.